ನಾಲ್ಕು ಕಂಬಗಳ ನಡುವೆ ನೂರೈವತ್ತು ಕಿಲೋ

ಜುನಿಪರ್ ಕಂಪನಿಯ ಎಂಎಕ್ಸ್960 ಎಂಬ ರೌಟರ್ ಟೆಲಿಕಾಂ ಸಂಸ್ಥೆಗಳ, ಇಂಟರ್‌ನೆಟ್ ಸೇವಾದಾರರ ಜಾಲಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಯಂತ್ರ. ಎತ್ತರ ಸುಮಾರು 70 ಸೆಂ.ಮೀ., ಅಗಲ 44 ಸೆಂ.ಮೀ. ಕಾರ್ಡು, ಫ್ಯಾನು, ಪವರ್ ಸಪ್ಲೈ ಎಲ್ಲ ತುಂಬಿದ ಮೇಲೆ ಇದರ ತೂಕ 158 ಕೆಜಿವರೆಗೆ ಹೋಗುತ್ತದೆ. ಇಂಥದ್ದನ್ನು ನೆಲದಿಂದ ಮೇಲೆತ್ತಿ, ಎರಡೂ ಪಕ್ಕದಲ್ಲಿ ಬೆರಳು ತೂರದಷ್ಟೇ ಸಂದು ಉಳಿಯುವ ಕಬ್ಬಿಣದ ಚೌಕಟ್ಟಿನೊಳಕ್ಕೆ ನೇರವಾಗಿ ತಳ್ಳಬೇಕು. ತುಸು ವಾಲಿದರೂ ಮೂಲೆ ಕಚ್ಚಿಕೊಂಡು ನಿಂತುಬಿಡುತ್ತದೆ. ಆಗ ಭಾರವೆಲ್ಲ ಹಿಡಿದವರ ಕೈಮೇಲೆ.

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಡೇಟಾ ಸೆಂಟರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಮೆಗಾವಾಟ್ ಲೆಕ್ಕ, ಹೂಡಿಕೆಯ ಕೋಟಿಗಳ ಲೆಕ್ಕ. ಒಳಗಿನ ಯಂತ್ರಗಳು ಅಲ್ಲಿಗೆ ಹೇಗೆ ಬಂದು ಕೂತವು ಎಂದು ಯಾರೂ ಕೇಳುವುದಿಲ್ಲ. ಈ ಕೆಲಸಕ್ಕೆ ಅಲ್ಲಿಯವರು ‘ರ‍್ಯಾಕ್ ಅಂಡ್ ಸ್ಟ್ಯಾಕ್’ ಎನ್ನುತ್ತಾರೆ. ಮಾಡುವವರಲ್ಲಿ ಬಹಳಷ್ಟು ಮಂದಿ ಗುತ್ತಿಗೆ ಕಂಪನಿಗಳ ಹುಡುಗರು. ಜಾಲಕ್ಕೆ ಅಡ್ಡಿಯಾಗಬಾರದೆಂದು ಕೆಲಸ ಇಡುವುದು ಹೆಚ್ಚಾಗಿ ರಾತ್ರಿ ಹೊತ್ತಿಗೆ. ಹಾಗೆ ನಿದ್ದೆಗೆಟ್ಟ ಹೊತ್ತಲ್ಲಿ ಬೆನ್ನು ಉಳುಕಿದರೆ, ಬೆರಳು ಜಜ್ಜಿದರೆ, ಎತ್ತಿದವನಿಗೆ ಜಾಗ್ರತೆ ಸಾಲದು ಅನ್ನುವುದು ವಾಡಿಕೆ. ನನಗೆ ಇದು ಒಪ್ಪಿಗೆಯಿಲ್ಲ. ಬಹುಪಾಲು ಸಲ ತಪ್ಪು ಆಗಿರುವುದು ವಾರಗಟ್ಟಲೆ ಹಿಂದೆ, ಒಂದು ನಕ್ಷೆಯ ಮೇಲೆ. ಯಾವ ಯಂತ್ರ ಎಷ್ಟು ಎತ್ತರಕ್ಕೆ ಎಂದು ಗುರುತು ಹಾಕಿದವರು ಅದರ ಪಕ್ಕದಲ್ಲಿ ತೂಕ ಬರೆದಿರುವುದಿಲ್ಲ.

ರ‍್ಯಾಕ್ ಎಂಬ ಈ ಚೌಕಟ್ಟಿಗೆ ನೂರು ವರ್ಷ ದಾಟಿದೆ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿ 1922ರ ಸುಮಾರಿಗೆ ತನ್ನ ಎಕ್ಸ್‌ಚೇಂಜುಗಳಲ್ಲಿ ಉಪಕರಣಗಳು ಜಾಗ ತಿನ್ನುವುದನ್ನು ತಪ್ಪಿಸಲು ಈ ಅಳತೆ ಜಾರಿಗೆ ತಂದಿತು. ಮುಂಭಾಗದ ಪಟ್ಟಿಯ ಅಗಲ 19 ಇಂಚು, ಅಂದರೆ 482.6 ಮಿ.ಮೀ. ಎತ್ತರವನ್ನು ಅಳೆಯುವುದು ‘ಯು’ ಲೆಕ್ಕದಲ್ಲಿ. ಒಂದು ಯು ಅಂದರೆ ಒಂದೂ ಮುಕ್ಕಾಲು ಇಂಚು, 44.45 ಮಿ.ಮೀ. ಸಾಮಾನ್ಯವಾಗಿ ಕಾಣುವ ರ‍್ಯಾಕಿನಲ್ಲಿ 42 ಯು ಇರುತ್ತದೆ, ನಿಂತರೆ ಸುಮಾರು ಎರಡು ಮೀಟರ್ ಎತ್ತರ. ಇಐಎ-310 ಎಂಬ ಮಾನದಂಡದ ಪ್ರಕಾರ ಕಂಬದಲ್ಲಿ ಪ್ರತಿ ಯುಗೆ ಮೂರು ತೂತು. ಆ ತೂತುಗಳ ನಡುವಿನ ಅಂತರ ಮಾತ್ರ ಸಮವಾಗಿಲ್ಲ: ಎರಡು ಸಲ 15.9 ಮಿ.ಮೀ., ಆಮೇಲೆ ಒಂದು ಸಲ 12.7 ಮಿ.ಮೀ. ಒಂದು ಯು ಮುಗಿದು ಇನ್ನೊಂದು ಶುರುವಾಗುವ ಗೆರೆ ಬೀಳುವುದು ಆ ಕಿರಿದಾದ ಸಂದಿನ ನಟ್ಟನಡುವೆ. ದೂರದಿಂದ ನೋಡಿದರೆ ಎಲ್ಲ ತೂತೂ ಒಂದೇ ಥರ ಕಾಣುತ್ತವೆ. ಎಣಿಕೆಯನ್ನು ತಪ್ಪು ತೂತಿನಿಂದ ಶುರುಮಾಡಿದವರಿಗೆ ಅದು ಗೊತ್ತಾಗುವುದು ಯಂತ್ರ ಕೈಯಲ್ಲಿರುವಾಗ, ಸ್ಕ್ರೂ ಕೂರದೆ ಇದ್ದಾಗ. ಹಾಗಾಗಿ ಕಂಬದ ಮೇಲೆ ಅಚ್ಚಾದ ಯು ಸಂಖ್ಯೆಯನ್ನು ಮುಂದಿನಿಂದ ಒಮ್ಮೆ, ಹಿಂದೆ ಹೋಗಿ ಇನ್ನೊಮ್ಮೆ ಓದಿ, ಮಾರ್ಕರಿನಿಂದ ನಾಲ್ಕೂ ಕಂಬಕ್ಕೆ ಗುರುತು ಹಾಕಿಕೊಳ್ಳುವುದು ವಾಡಿಕೆ. ಭಾರ ಹೊರುವ ಹಳಿಯ ಹಿಂತುದಿ ಒಂದೇ ಒಂದು ತೂತು ಕೆಳಗಿದ್ದರೂ ಯಂತ್ರ ಹಿಂದಕ್ಕೆ ಇಳಿಜಾರಾಗಿ ಕೂರುತ್ತದೆ, ಹಳಿ ತಿರುಚಿಕೊಳ್ಳುತ್ತದೆ.

ಎರಡೇ ಕಂಬದ ರ‍್ಯಾಕುಗಳೂ ಇವೆ. ಟೆಲಿಕಾಂ ಕೋಣೆಗಳಲ್ಲಿ, ಕೇಬಲ್ ಪ್ಯಾಚ್ ಪ್ಯಾನೆಲ್‌ನಂಥ ಹಗುರ ಸಾಮಾನಿಗೆ ಅವು ಸಾಕು. ಆಳವಾದ, ಭಾರವಾದ ಯಂತ್ರಕ್ಕೆ ನಾಲ್ಕು ಕಂಬ ಏಕೆ ಬೇಕು ಎನ್ನುವುದು ಎತ್ತಿನಗಾಡಿಗೆ ಹೇರು ಹೇರಿದವರಿಗೆ ತಾನಾಗಿ ಗೊತ್ತಿರುತ್ತದೆ: ಹಿಂಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ಎರಡು ಯು ಎತ್ತರದ, 30 ಕೆಜಿ ತೂಕದ, 60 ಸೆಂ.ಮೀ. ಆಳದ ಒಂದು ಸ್ವಿಚ್ ಅಂದುಕೊಳ್ಳಿ. ಅದನ್ನು ಮುಂಭಾಗದ ಎಡಬಲದಲ್ಲಿರುವ ಎರಡು ತಗಡಿನ ಕಿವಿಗಳಿಂದ ಮಾತ್ರ ಕಂಬಕ್ಕೆ ಬಿಗಿದು ಬಿಟ್ಟರೆ ಭಾರದ ಮಧ್ಯಬಿಂದು ಕಂಬದಿಂದ 30 ಸೆಂ.ಮೀ. ಹಿಂದೆ ಗಾಳಿಯಲ್ಲಿರುತ್ತದೆ. ಕಿವಿಯ ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ ಇರುವ ಅಂತರ ಏಳೂವರೆ ಸೆಂಟಿಮೀಟರ್ ಚಿಲ್ಲರೆ. 30ನ್ನು 30ರಿಂದ ಗುಣಿಸಿ ಏಳೂವರೆಯಿಂದ ಭಾಗಿಸಿ ನೋಡಿ, 120 ಬರುತ್ತದೆ. ಮೂವತ್ತು ಕೆಜಿಯ ಯಂತ್ರ ತನ್ನ ಕೆಳಗಿನ ಸ್ಕ್ರೂಗಳನ್ನು ಹೆಚ್ಚುಕಡಿಮೆ ನೂರಿಪ್ಪತ್ತು ಕೆಜಿ ಬಲದಿಂದ ಮುಂದಕ್ಕೆ ಕೀಳುತ್ತಿರುತ್ತದೆ, ಹಗಲೂ ರಾತ್ರಿ. ಕಿವಿಯ ತಗಡು ಬಾಗುತ್ತದೆ, ಯಂತ್ರದ ಬಾಲ ಕೆಳಗಿನದರ ಮೇಲೆ ಕೂರುತ್ತದೆ. ಆಮೇಲೆ ಕೆಳಗಿನದನ್ನು ಯಾರಾದರೂ ಬಿಚ್ಚಿ ಎಳೆದರೆ ಮೇಲಿನದು ಜೊತೆಗೇ ಬರುತ್ತದೆ.

ಹಿಂದಿನ ಎರಡು ಕಂಬ, ಅವಕ್ಕೆ ಸೇರುವ ಹಳಿ ಅಥವಾ ತಟ್ಟೆ ಇದ್ದರೆ ಈ ತಿರುಚುವ ಬಲ ಹುಟ್ಟುವುದೇ ಇಲ್ಲ. ಭಾರ ನೇರವಾಗಿ ಕೆಳಕ್ಕೆ ಇಳಿಯುತ್ತದೆ; ಕಿವಿಯ ಸ್ಕ್ರೂ ಯಂತ್ರ ಮುಂದಕ್ಕೆ ಜಾರದಂತೆ ಹಿಡಿದರೆ ಸಾಕು. ಇಷ್ಟಾದರೂ ನಾಲ್ಕು ಕಂಬದ ರ‍್ಯಾಕಿನಲ್ಲಿ ಭಾರವಾದ ಸ್ವಿಚ್ಚನ್ನು ಮುಂದಿನ ಕಿವಿಗಳ ಮೇಲೆಯೇ ನೇತುಹಾಕುವುದುಂಟು. ಹಳಿಗಳಿರುವ ರೈಲ್ ಕಿಟ್ ಬೇರೆ ಪೆಟ್ಟಿಗೆಯಲ್ಲಿ ಬರುತ್ತದೆ, ಆರ್ಡರಿನಲ್ಲಿ ಸೇರಿಸಲು ಮರೆತಿರುತ್ತಾರೆ, ಬರಬೇಕಾದದ್ದು ಬಂದಿರುವುದಿಲ್ಲ, ರಾತ್ರಿಯೇ ಕೆಲಸ ಮುಗಿಯಬೇಕಿರುತ್ತದೆ. ರೈಲ್ ಕಿಟ್ ಇಲ್ಲದಿದ್ದರೆ ಆ ರಾತ್ರಿ ಯಂತ್ರ ಪೆಟ್ಟಿಗೆಯಲ್ಲೇ ಇರಲಿ ಎಂದು ಹೇಳುವ ಧೈರ್ಯ ಮೇಲ್ವಿಚಾರಕರಿಗೆ ಇರಬೇಕು. ಹಳಿಗೂ ತನ್ನದೇ ಆಳದ ಮಿತಿಯಿದೆ: ಮುಂದಿನ, ಹಿಂದಿನ ಕಂಬಗಳ ನಡುವಿನ ಅಂತರ ಇಷ್ಟರಿಂದ ಇಷ್ಟರವರೆಗೆ ಮಾತ್ರ ಎಂದು. ಕಂಬಗಳನ್ನು ಹಿಂದೆ ಮುಂದೆ ಸರಿಸಲು ಬರುತ್ತದೆ, ಆದರೆ ರ‍್ಯಾಕ್ ಖಾಲಿ ಇರುವಾಗ. ಒಂದು ಯಂತ್ರ ಕೂತ ಮೇಲೆ ಸರಿಸುವ ಮಾತೇ ಇಲ್ಲ.

ಈ ಕೆಲಸದಲ್ಲಿ ಅತಿ ಚಿಕ್ಕ ವಸ್ತು ಕೇಜ್ ನಟ್. ಚದರ ತೂತಿನೊಳಗೆ ಕೂರುವ ನಟ್, ಅದನ್ನು ಹಿಡಿದಿರುವ ಸ್ಪ್ರಿಂಗ್ ತಗಡಿನ ಗೂಡು, ಗೂಡಿಗೆ ಎರಡು ರೆಕ್ಕೆ. ರೆಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಲು ಹೋಗಿ ಉಗುರಿನ ಸಂದಿ ಸೀಳಿಕೊಂಡವರು ಈ ವೃತ್ತಿಯಲ್ಲಿ ಲೆಕ್ಕವಿಲ್ಲ. ಅದಕ್ಕೆಂದೇ ಕೊಕ್ಕೆಯಂಥ ಸಣ್ಣ ಹತಾರ ಇದೆ, ಬೆಲೆಯೂ ಹೆಚ್ಚಿಲ್ಲ. ನಟ್ ಕೂರಿಸುವುದು ಕಂಬದ ಒಳಬದಿಯಿಂದ. ರೆಕ್ಕೆಗಳು ತೂತಿನ ಎಡಬಲ ಅಂಚನ್ನು ಕಚ್ಚಬೇಕೇ, ಮೇಲೆ ಕೆಳಗಿನ ಅಂಚನ್ನೇ ಎಂಬುದು ಕೆಲಸದವರ ನಡುವೆ ಮುಗಿಯದ ಚರ್ಚೆ. ಎಪಿಸಿ ಕಂಪನಿ ತನ್ನ ನೆಟ್‌ಶೆಲ್ಟರ್ ರ‍್ಯಾಕುಗಳ ಕೈಪಿಡಿಯಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದಿದೆ: ಎಡಬಲಕ್ಕೇ, ಮೇಲೆ ಕೆಳಗೆ ಬೇಡ. ರೆಕ್ಕೆ ಮೇಲೆ ಕೆಳಗಿದ್ದರೆ ಯಂತ್ರ ಕೆಳಕ್ಕೆ ಒತ್ತಿದಾಗ ಆ ತೆಳು ತಗಡೇ ಭಾರದ ದಾರಿಗೆ ಬರುತ್ತದೆ. ಯಾವ ತೂತಿಗೆ ನಟ್ ಬೇಕು ಎನ್ನುವುದನ್ನು ಯಂತ್ರ ಎತ್ತುವ ಮೊದಲೇ ಎಣಿಸಿ ಎಲ್ಲವನ್ನೂ ಕೂರಿಸಿರಬೇಕು. ಎತ್ತಿ ಹಿಡಿದ ಮೇಲೆ ನಟ್ ಹುಡುಕುವುದು ಎಂಥ ಪಾಡು ಎಂದು ಒಮ್ಮೆ ಹಿಡಿದವರಿಗೆ ಗೊತ್ತು.

ಯಂತ್ರಕ್ಕಿಂತ ಮೊದಲು ರ‍್ಯಾಕೇ ನೆಟ್ಟಗೆ ನಿಲ್ಲಬೇಕು. ಚಕ್ರದ ಮೇಲೆ ಉರುಳಿಸಿ ತಂದ ರ‍್ಯಾಕನ್ನು ಜಾಗಕ್ಕೆ ತಂದ ಮೇಲೆ ನಾಲ್ಕು ಮೂಲೆಯ ಸ್ಕ್ರೂ ಪಾದಗಳನ್ನು ಪಾನಾದಿಂದ ಇಳಿಸಿ, ರಸಮಟ್ಟ ಇಟ್ಟು ನೋಡಿ, ಭಾರ ಚಕ್ರ ಬಿಟ್ಟು ಪಾದಕ್ಕೆ ಬರುವಂತೆ ಮಾಡುತ್ತಾರೆ. ರ‍್ಯಾಕಿನ ತಯಾರಕರು ಎರಡು ಭಾರಮಿತಿ ಕೊಟ್ಟಿರುತ್ತಾರೆ: ನಿಂತಿರುವಾಗ ಹೊರುವುದು ಇಷ್ಟು, ಉರುಳುವಾಗ ಹೊರುವುದು ಇಷ್ಟು. ಎರಡನೆಯದು ಕಡಿಮೆ. ತುಂಬಿದ ರ‍್ಯಾಕನ್ನು ಸಾಲಿನಿಂದ ಸಾಲಿಗೆ ತಳ್ಳಿಕೊಂಡು ಹೋಗುವವರು ನೋಡಬೇಕಾದ್ದು ಆ ಎರಡನೆಯ ಸಂಖ್ಯೆಯನ್ನು. ಇನ್ನು ನೆಲ. ಹಳೆಯ ಡೇಟಾ ಸೆಂಟರುಗಳಲ್ಲಿ ನೆಲದ ಮೇಲೊಂದು ಎತ್ತರಿಸಿದ ನೆಲ ಇರುತ್ತದೆ, ಎರಡು ಅಡಿ ಚದರದ ಹಲಗೆಗಳು, ಕೆಳಗೆ ಕಬ್ಬಿಣದ ಊರುಗೋಲು. ಸಾವಿರದಿನ್ನೂರು ಕೆಜಿಯ ರ‍್ಯಾಕ್ ಅಂದರೆ ಒಂದೊಂದು ಪಾದದ ಕೆಳಗೆ ಮುನ್ನೂರು ಕೆಜಿ, ಅದೂ ಅಂಗೈ ಅಗಲದಷ್ಟು ಜಾಗದಲ್ಲಿ. ಹಲಗೆ ಅದನ್ನು ತಾಳುತ್ತದೆಯೇ ಎಂದು ಕಟ್ಟಡದವರಿಂದ ಬರಹದಲ್ಲಿ ಪಡೆಯಬೇಕು. ಯಂತ್ರವನ್ನು ತರುವ ದಾರಿಯ ಹಲಗೆಗಳಿಗೂ ಇದೇ ಮಾತು ಸಲ್ಲುತ್ತದೆ.

ರ‍್ಯಾಕನ್ನು ನೆಲಕ್ಕೆ ಬೋಲ್ಟ್ ಹಾಕುವ ಮಾತು ಬಂದಾಗ ಬೆಂಗಳೂರಿನಲ್ಲಿ ಕೇಳಿಬರುವ ಉತ್ತರ ಒಂದು: ಇಲ್ಲಿ ಭೂಕಂಪ ಎಲ್ಲಿದೆ? ಭಾರತದ ಭೂಕಂಪ ಮಾನದಂಡ ಐಎಸ್ 1893ರ 2016ರ ಆವೃತ್ತಿ ಬೆಂಗಳೂರನ್ನು ಅತಿ ಕಡಿಮೆ ಅಪಾಯದ ಎರಡನೆಯ ವಲಯಕ್ಕೆ ಸೇರಿಸಿದ್ದು ನಿಜ. ಆದರೆ ರ‍್ಯಾಕ್ ಮಗುಚಲು ಭೂಕಂಪವೇ ಬೇಕಿಲ್ಲ. ಖಾಲಿ ರ‍್ಯಾಕಿನ ತೂಕ 120 ಕೆಜಿ ಇರಲಿ, ಮುಂದಿನ ಪಾದದಿಂದ ಹಿಂದಿನ ಪಾದಕ್ಕೆ 80 ಸೆಂ.ಮೀ. ಇರಲಿ. ಅದರ ಭಾರ ಮುಂದಿನ ಪಾದದಿಂದ 40 ಸೆಂ.ಮೀ. ಹಿಂದೆ ನಿಂತಿದೆ; 120ನ್ನು 40ರಿಂದ ಗುಣಿಸಿದರೆ 4,800. ಜಾಲದ ದೊಡ್ಡ ಪೆಟ್ಟಿಗೆಗಳು ಡ್ರಾಯರಿನಂತೆ ಹೊರಬರುವುದಿಲ್ಲ, ಆದರೆ ಅದೇ ರ‍್ಯಾಕಿನಲ್ಲಿ ಡಿಸ್ಕ್ ತುಂಬಿದ 100 ಕೆಜಿಯ ಸ್ಟೋರೇಜ್ ಡ್ರಾಯರ್ ಇರಬಹುದು. ಅದನ್ನು ಪೂರ್ತಿ ಎಳೆದಾಗ ಅದರ ಭಾರ ಪಾದದಿಂದ 40 ಸೆಂ.ಮೀ. ಮುಂದಿದ್ದರೆ 4,000. ಇನ್ನೂ ಎಂಟುನೂರು ಉಳಿಯಿತು ಅಂದುಕೊಳ್ಳುವಷ್ಟರಲ್ಲಿ ಡಿಸ್ಕ್ ಬದಲಿಸುವವನು ಡ್ರಾಯರಿನ ಅಂಚಿಗೆ ಮೊಣಕೈ ಊರುತ್ತಾನೆ. ಅರ್ಧ ಮೀಟರ್ ದೂರದಲ್ಲಿ 20 ಕೆಜಿ ಒತ್ತಿದರೆ ಇನ್ನೊಂದು ಸಾವಿರ. ಈಗ 5,000 ಒಂದು ಕಡೆ, 4,800 ಇನ್ನೊಂದು ಕಡೆ. ಎರಡು ಮೀಟರ್ ಎತ್ತರದ ಕಬ್ಬಿಣ ಅವನ ಮೇಲೆ ಬರುತ್ತದೆ, ಓಡಲು ಹಿಂದೆ ಜಾಗವಿರುವುದಿಲ್ಲ, ಏಕೆಂದರೆ ಅಲ್ಲಿ ಎದುರು ಸಾಲಿನ ರ‍್ಯಾಕುಗಳಿವೆ. ನೆಲಕ್ಕೆ ಬೋಲ್ಟ್, ಅಕ್ಕಪಕ್ಕದ ರ‍್ಯಾಕುಗಳಿಗೆ ಕೊಂಡಿ, ಅದಿಲ್ಲದಿದ್ದರೆ ಮುಂದಕ್ಕೆ ಚಾಚುವ ಸ್ಟೆಬಿಲೈಸರ್ ಪಾದ: ಈ ಮೂರರಲ್ಲಿ ಒಂದಾದರೂ ಮೊದಲ ಯಂತ್ರ ಬರುವ ಮೊದಲೇ ಇರಬೇಕು.

ಸಿಸ್ಕೊ ಕಂಪನಿಯ ದೊಡ್ಡ ಯಂತ್ರಗಳ ಕೈಪಿಡಿಗಳಲ್ಲಿ 1006 ಎಂಬ ಸಂಖ್ಯೆಯ ಎಚ್ಚರಿಕೆ ಕಾಣುತ್ತದೆ. ಅದರ ಸಾರ ಮೂರು ಮಾತು. ರ‍್ಯಾಕಿನಲ್ಲಿ ಇದೊಂದೇ ಯಂತ್ರವಾದರೆ ಅಡಿಗೆ ಕೂರಿಸಿ. ಅರ್ಧ ತುಂಬಿದ ರ‍್ಯಾಕಾದರೆ ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬನ್ನಿ, ಅತಿ ಭಾರದ್ದು ಅಡಿಯಲ್ಲಿ. ಸ್ಟೆಬಿಲೈಸರ್ ಇದ್ದರೆ ಮೊದಲು ಅದನ್ನು ಹಾಕಿ. ಇದನ್ನು ಓದದವರಿಲ್ಲ, ಮೀರದವರೂ ಕಡಿಮೆ. ಮೀರಲು ಕಾರಣ ಸೋಮಾರಿತನವಲ್ಲ ಎನ್ನುವುದು ನನ್ನ ತಿಳಿವಳಿಕೆ. ಕೇಬಲ್‌ಗಳು ಚಾವಣಿಯ ಟ್ರೇಯಿಂದ ಇಳಿಯುತ್ತವೆ, ಆದ್ದರಿಂದ ಸ್ವಿಚ್ಚು ಮೇಲಿದ್ದರೆ ಕೇಬಲ್ ಚೊಕ್ಕ. ಕೆಳಗಿನ ಜಾಗವನ್ನು ಯುಪಿಎಸ್ ಬ್ಯಾಟರಿ ಆಗಲೇ ಹಿಡಿದಿರುತ್ತದೆ. ನಾಳೆ ಬರಲಿರುವ ಇನ್ನೊಂದಕ್ಕೆಂದು ನಡುವಿನ ಹತ್ತು ಯು ಕಾಯ್ದಿರಿಸಿರುತ್ತಾರೆ. ಹೀಗೆ ಎಲ್ಲರ ಅನುಕೂಲವೂ ಸೇರಿ ಎಪ್ಪತ್ತು ಕೆಜಿಯ ಪೆಟ್ಟಿಗೆ ಎದೆಮಟ್ಟಕ್ಕಿಂತ ಮೇಲೆ ಹೋಗಿ ನಿಲ್ಲುತ್ತದೆ. ಹಗುರವಾದ ಒಂದು ಯು ಸ್ವಿಚ್ಚುಗಳು ಮೇಲಿರಲಿ, ತೊಂದರೆಯಿಲ್ಲ. ಹತ್ತು ಹದಿನಾರು ಯುನ ದೊಡ್ಡ ಪೆಟ್ಟಿಗೆಗೆ ಅಡಿಯ ಜಾಗ ಕೊಟ್ಟು ಕೇಬಲ್ಲೇ ಇನ್ನೊಂದು ಮೀಟರ್ ಇಳಿದು ಬರಲಿ. ಉದ್ದದ ಕೇಬಲ್ಲಿಗೆ ಆಗುವ ಖರ್ಚು ಒಬ್ಬನ ಬೆನ್ನಿನ ಮುಂದೆ ಏನೂ ಅಲ್ಲ.

ಮನುಷ್ಯನ ಬೆನ್ನಿಗೂ ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯಾಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎಲ್ಲ ಅನುಕೂಲವಿದ್ದಾಗ ಒಬ್ಬರು ಎತ್ತಬಹುದಾದ ಭಾರ 23 ಕೆಜಿ. ಎಲ್ಲ ಅನುಕೂಲ ಅಂದರೆ ಸಾಮಾನು ಮೈಗೆ ಹತ್ತಿರ, 25 ಸೆಂ.ಮೀ. ಒಳಗೆ, ಕೈ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿ, ಸೊಂಟ ತಿರುಗಿಸುವಂತಿಲ್ಲ, ಹಿಡಿಯಲು ಒಳ್ಳೆಯ ಹಿಡಿ. ರ‍್ಯಾಕಿನ ಮುಂದೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಯಂತ್ರವನ್ನು ಹಳಿಗೆ ಸೇರಿಸಲು ಕೈ ಮುಂದಕ್ಕೆ ಚಾಚಲೇಬೇಕು. ಅರ್ಧ ಮೀಟರ್ ಚಾಚಿದಾಗ ಸೂತ್ರ 23ನ್ನು ಅರ್ಧಕ್ಕೆ ಇಳಿಸುತ್ತದೆ, ಹನ್ನೊಂದೂವರೆ ಕೆಜಿ. ಕೈ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅದರಲ್ಲೂ ಶೇ 22ರಷ್ಟು ಹೋಗಿ ಒಂಬತ್ತು ಕೆಜಿಯ ಆಸುಪಾಸು ಉಳಿಯುತ್ತದೆ. ಸಾಧಾರಣ ಒಂದು ಯು ಸ್ವಿಚ್ಚೇ ಎಂಟು ಹತ್ತು ಕೆಜಿ ತೂಗುತ್ತದೆ! ಒಬ್ಬನೇ ತಲೆಮಟ್ಟದಲ್ಲಿ ಒಂದು ಕೈಯಲ್ಲಿ ಸ್ವಿಚ್ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸುವ, ಎಲ್ಲ ಕಡೆ ನೋಡಸಿಗುವ ದೃಶ್ಯವನ್ನು ಈ ಸೂತ್ರ ಒಪ್ಪುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ, ವಯಸ್ಕ ಗಂಡಸು ಕೈಯಲ್ಲಿ ಸಾಗಿಸುವ ಗರಿಷ್ಠ ಭಾರ 55 ಕೆಜಿಗಿಂತ ಹೆಚ್ಚಿರುವಲ್ಲಿ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಶಿಫಾರಸು ಮಾಡಿತ್ತು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯೂ ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು 34ನೇ ಕಲಮಿನಲ್ಲಿ ಹೇಳಿತ್ತು. ನೂರು ಕೆಜಿ ಮೂಟೆ ಹೊರುವ ಹಮಾಲಿಗಳನ್ನು ನೋಡಿ ಬೆಳೆದ ನಮಗೆ ಐವತ್ತು ಕೆಜಿ ದೊಡ್ಡದೆನಿಸುವುದಿಲ್ಲ, ಅದೇ ತೊಡಕು. ಮೂಟೆ ಬೆನ್ನಿನ ಮೇಲೆ, ಮೈಗೆ ಅಂಟಿಕೊಂಡು ಕೂರುತ್ತದೆ. ಯಂತ್ರ ಮೈಯಿಂದ ದೂರ ನಿಲ್ಲುತ್ತದೆ.

ಹಾಗಾಗಿ ದೊಡ್ಡ ಪೆಟ್ಟಿಗೆಯನ್ನು ಎತ್ತಬೇಕಾದದ್ದು ಸರ್ವರ್ ಲಿಫ್ಟರ್ ಎಂಬ ಗಾಡಿ. ಎಂಎಕ್ಸ್960ರ ಕೈಪಿಡಿಯೂ ಇದನ್ನೇ ಬಲವಾಗಿ ಹೇಳುತ್ತದೆ. ಕೆಲಸ ಹೀಗೆ ಸಾಗುತ್ತದೆ. ರಟ್ಟಿನ ಪುಡಿ ಒಳಗೆ ಬರಬಾರದೆಂದು ಪೆಟ್ಟಿಗೆ ಬಿಚ್ಚುವುದು ಹೊರಗಿನ ಕೋಣೆಯಲ್ಲಿ. ಕೈಗೆ ಆಂಟಿಸ್ಟಾಟಿಕ್ ಪಟ್ಟಿ ಕಟ್ಟಿಕೊಂಡು ಪವರ್ ಸಪ್ಲೈ, ಫ್ಯಾನ್ ಟ್ರೇ, ಕಾರ್ಡುಗಳನ್ನು ಒಂದೊಂದಾಗಿ ಎಳೆದು, ಯಾವ ಸ್ಲಾಟಿನದು ಎಂದು ಚೀಟಿ ಅಂಟಿಸಿ, ಆಂಟಿಸ್ಟಾಟಿಕ್ ಹಾಸಿನ ಮೇಲೆ ಸಾಲಾಗಿ ಇಡುತ್ತಾರೆ. ಪೆಟ್ಟಿಗೆ ಅಷ್ಟರಮಟ್ಟಿಗೆ ಹಗುರ. ಪವರ್ ಸಪ್ಲೈ ಮತ್ತು ಫ್ಯಾನ್ ಟ್ರೇಗಳ ಮೇಲಿನ ಹಿಡಿಗಳು ಅವುಗಳನ್ನು ಎಳೆಯಲು ಮಾತ್ರ, ಪೆಟ್ಟಿಗೆ ಎತ್ತಲು ಅಲ್ಲ. ಅವನ್ನು ಹಿಡಿದು ಎತ್ತಿದರೆ ಹಿಡಿ ಕಿತ್ತು ಕೈಗೆ ಬರುತ್ತದೆ. ಲಿಫ್ಟರಿನ ತಟ್ಟೆ ಮೊಣಕಾಲಿಗಿಂತ ಕೆಳಗಿರುವಾಗಲೇ ಗಾಡಿಯನ್ನು ರ‍್ಯಾಕಿನ ಮುಂದಕ್ಕೆ ತಳ್ಳಿ, ಚಕ್ರಕ್ಕೆ ಬ್ರೇಕ್ ಹಾಕಿ, ಆಮೇಲೆ ಎತ್ತರಿಸಬೇಕು. ಎತ್ತರಿಸಿದ ಭಾರವನ್ನು ಇಟ್ಟುಕೊಂಡು ಗಾಡಿ ಸರಿಸುವಂತಿಲ್ಲ.

ರ‍್ಯಾಕಿನಲ್ಲಿ ಮೊದಲೇ ಬಿಗಿದಿಟ್ಟ ತಟ್ಟೆಯ ಮಟ್ಟಕ್ಕಿಂತ ಲಿಫ್ಟರಿನ ತಟ್ಟೆ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಇಲ್ಲಿ ಮಾತಾಡುವುದು ಒಬ್ಬನೇ, ಪಕ್ಕದಲ್ಲಿ ಕೂತು ಸಂದಿಗೆ ಟಾರ್ಚ್ ಬಿಡುವವನು. “ಎರಡು ನೂಲು ಮೇಲೆ ಅಣ್ಣಾ... ಸಾಕು, ಸಾಕು. ಬಲಗಡೆ ಕಚ್ತಿದೆ, ತಡಿ. ಕೈ ತೆಗಿ ಮೊದ್ಲು.” ಉಳಿದವರು ಬಾಯಿ ಮುಚ್ಚಿ ಕೈ ಮಾತ್ರ ಆಡಿಸುತ್ತಾರೆ. ಇಬ್ಬರು ಮುಂದಿನಿಂದ ತಳ್ಳುತ್ತಾರೆ, ಹಿಂದಿನಿಂದ ಎಳೆಯುವವರು ಇರಬಾರದು. ಎಳೆಯುವವನ ಬೆರಳು ಕಂಬಕ್ಕೂ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅತಿ ಅಪಾಯದ ಗಳಿಗೆ ಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗಿರುವಾಗ. ಆಗ ಲಿಫ್ಟರಿನ ಬ್ರೇಕ್ ಜಾರಿ ಗಾಡಿ ನಾಲ್ಕು ಬೆರಳು ಹಿಂದೆ ಸರಿದರೂ ಪೆಟ್ಟಿಗೆಯ ಮೂತಿ ನೆಲ ಕಾಣುತ್ತದೆ. ಪೂರ್ತಿ ಒಳಗೆ ಹೋಗಿ, ಎರಡೂ ಕಿವಿಗಳ ಕೆಳಗಿನ ಸ್ಕ್ರೂಗಳು ಮೊದಲು, ಮೇಲಿನವು ಆಮೇಲೆ ಹಿಡಿದು, ಎಲ್ಲವೂ ಬಿಗಿಯಾಗುವವರೆಗೆ ಲಿಫ್ಟರನ್ನು ಕದಲಿಸುವುದಿಲ್ಲ. ಅನಂತರ ಅರ್ಥಿಂಗ್ ತಂತಿ, ಮಿಕ್ಕೆಲ್ಲ ಸಂಪರ್ಕಕ್ಕಿಂತ ಮೊದಲು. ಕಾರ್ಡುಗಳು ಮತ್ತೆ ತಮ್ಮ ತಮ್ಮ ಸ್ಲಾಟಿಗೆ. ಪವರ್ ಕೇಬಲ್ ಕೊನೆಗೆ.

ಇಷ್ಟೆಲ್ಲ ಸರಿಯಾಗಿ ನಡೆಯಬೇಕಾದರೆ ಆ ರಾತ್ರಿ ಅಲ್ಲಿ ಲಿಫ್ಟರ್ ಇರಬೇಕು, ಜನ ಇರಬೇಕು, ಸಮಯ ಇರಬೇಕು. ಮೂರನ್ನೂ ಕೊಡುವುದು ಅಥವಾ ಕೊಡದಿರುವುದು ಟೆಂಡರ್. ರ‍್ಯಾಕಿನ ನಕ್ಷೆ ಎಂಬುದೊಂದು ಇರುತ್ತದೆ, ಎಕ್ಸೆಲ್ ಹಾಳೆಯಲ್ಲಿ 42 ಸಾಲು, ಪ್ರತಿ ಸಾಲಿಗೆ ಯಂತ್ರದ ಹೆಸರು, ವಿದ್ಯುತ್ ಎಷ್ಟು, ಪೋರ್ಟ್ ಎಷ್ಟು. ಅದಕ್ಕೆ ತೂಕದ ಒಂದು ಕಾಲಂ ಸೇರಿಸುವುದು ಅರ್ಧ ಗಂಟೆಯ ಕೆಲಸ. ಸಂಖ್ಯೆ ಪ್ರತಿ ಯಂತ್ರದ ಡೇಟಾಶೀಟಿನಲ್ಲಿ ಇದ್ದೇ ಇದೆ. ತೂಕ ಬರೆದ ಕೂಡಲೆ 30ನೇ ಯುನಲ್ಲಿ ಕೂತ ಎಪ್ಪತ್ತು ಕೆಜಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಟ್ಟು ಕೂಡಿದರೆ ರ‍್ಯಾಕಿನ ಮಿತಿ, ನೆಲದ ಮಿತಿ ದಾಟಿತೋ ಇಲ್ಲವೋ ಗೊತ್ತಾಗುತ್ತದೆ. ಲಿಫ್ಟರ್ ಬಾಡಿಗೆ, ನಾಲ್ಕು ಜನರ ಕೂಲಿ ಟೆಂಡರಿನಲ್ಲಿ ಬೇರೆಯದೇ ಸಾಲಾಗಿ ಬರುತ್ತವೆ. ಇಲ್ಲದಿದ್ದರೆ ಕಡಿಮೆ ದರಕ್ಕೆ ಕೆಲಸ ಹಿಡಿದ ಗುತ್ತಿಗೆದಾರ ಇಬ್ಬರನ್ನು ಕಳಿಸುತ್ತಾನೆ, ಅವರಿಬ್ಬರು ಕಾವಲಿನವರನ್ನೂ ಕರೆದು ಕೈಹಾಕಿಸಿಕೊಳ್ಳುತ್ತಾರೆ. ಪ್ರತಿ ಯಂತ್ರದ ತೂಕ ಮತ್ತು ಎತ್ತುವ ವಿಧಾನವನ್ನು ಕೆಲಸಕ್ಕೆ ಅನುಮತಿ ಕೊಡುವ ಚೀಟಿಯಲ್ಲೇ ಬರೆಯುವಂತೆ ಡೇಟಾ ಸೆಂಟರ್ ನಡೆಸುವವರು ಕಡ್ಡಾಯ ಮಾಡಬಹುದು. ಒಳಕ್ಕೆ ಬಿಡುವ ಬಾಗಿಲು ಅವರ ಕೈಯಲ್ಲೇ ಇದೆ.

ಇಳಿಸುವ ಕೆಲಸಕ್ಕೆ ಇಷ್ಟು ಗಮನವೂ ಸಿಗುವುದಿಲ್ಲ. ಹೊಸ ಯಂತ್ರ ಬರುವ ದಿನ ಕಂಪನಿಯ ಎಂಜಿನಿಯರುಗಳು ಇರುತ್ತಾರೆ, ಹಳೆಯದು ಹೋಗುವ ದಿನ ಗುಜರಿಯವರು. ಆದರೆ ಹಳೆಯದರ ತೂಕ ಅಷ್ಟೇ ಇದೆ. ಇಲ್ಲಿ ಕ್ರಮ ತಿರುಗುಮುರುಗು: ಮೇಲಿನದು ಮೊದಲು, ಅಡಿಯದು ಕೊನೆಗೆ, ಅರ್ಥಿಂಗ್ ತಂತಿ ಬಿಚ್ಚುವುದು ಎಲ್ಲ ಸಂಪರ್ಕ ಕಳಚಿದ ಮೇಲೆ, ಕಿವಿಯ ಸ್ಕ್ರೂ ಸಡಿಲಿಸುವ ಮೊದಲು ಕೆಳಗೆ ಲಿಫ್ಟರಿನ ತಟ್ಟೆ ತಾಗಿ ನಿಂತಿರಬೇಕು. ಕಾರ್ಡುಗಳು ಇಲ್ಲೂ ಮೊದಲು ಹೊರಬರಲಿ, ಹಳೆಯದಾಯಿತೆಂದು ತುಂಬಿದ ಪೆಟ್ಟಿಗೆಯನ್ನೇ ಎಳೆಯುವುದು ಬೇಡ. ಬಿಚ್ಚಿದ ಕೇಜ್ ನಟ್‌ಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಎಂ6, 10-32, 12-24 ಎಂಬ ಸ್ಕ್ರೂ ಅಳತೆಗಳಂತೆ ಬೇರೆ ಬೇರೆ ಚೀಲಕ್ಕೆ ಹಾಕಿ ಹೊರಗೆ ಬರೆದಿಡಬೇಕು. ನೋಡಲು ಒಂದೇ ಥರವಾದರೂ ಮರೆಯ, ಅಂದರೆ ಸ್ಕ್ರೂ ಸುರುಳಿಯ, ಲೆಕ್ಕ ಬೇರೆ. 10-32ರ ನಟ್ಟಿಗೆ 12-24ರ ಸ್ಕ್ರೂ ಬಲವಂತವಾಗಿ ತಿರುಗಿಸಿದರೆ ಮೊದಲ ಎರಡು ಸುತ್ತು ಹಿಡಿದಂತೆ ಕಾಣುತ್ತದೆ, ಮರೆ ಸವೆದಿರುತ್ತದೆ, ಮುಂದಿನ ಪೆಟ್ಟಿಗೆ ಅದರ ಮೇಲೆ ಬರುತ್ತದೆ.